ನೀರೆರೆದ ಕೈ

ರಾಚಮ್ಮನಿಗೆ ಮೊದಲು ಅನುಮಾನ ಬಂದದ್ದು ಮೊಟ್ಟೆಯ ಮೇಲೆ. ಎಲ್ಲೋ ಒಂದು ಭಾನುವಾರ ಮನೆಮಂದಿಗೆಲ್ಲ ಸಾರು ಮಾಡುವಾಗ ಬಿಟ್ಟರೆ ಮೊಟ್ಟೆಯ ಮುಖವನ್ನೇ ಕಾಣದ ಅಡುಗೆಮನೆಯಲ್ಲಿ ಸೊಸೆ ಹೇಮಲತಾ ದಿನಾ ಬೆಳಿಗ್ಗೆ ಒಂದು ಮೊಟ್ಟೆ ಬೇಯಿಸಿ, ಮಗಳು ಲಿಖಿತಾಳ ಬಾಯಿಗೆ ತುರುಕಿ, ಸಿಪ್ಪೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಿಗೆಯ ಹಿಂದಿನ ತಿಪ್ಪೆಗೆ ಎಸೆಯುತ್ತಿದ್ದಳು. ಮಗುವಿಗೆ ಮೊಟ್ಟೆ ತಿನ್ನಿಸುವುದು ಕಳ್ಳತನವೇನಲ್ಲ. ಆದರೆ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತುವವರ ಹೊಟ್ಟೆಯಲ್ಲಿ ಏನೋ ಇದ್ದೇ ಇರುತ್ತದೆ ಎಂಬುದು ರಾಚಮ್ಮನ ಲೆಕ್ಕ.

"ಯಾಕಮ್ಮಿ, ಮಗೀನ ಕುಸ್ತಿಗೇನಾರ ಬುಡ್ತೀಯಾ?" ಎಂದು ಕೇಳಿಯೂ ನೋಡಿದಳು.

"ಸಣ್ಣ ಆಗವ್ಳೆ ಅಂತ ಸ್ಕೂಲಲ್ಲಿ ಅಂದ್ರು ಅತ್ತೆ" ಎಂದು ಹೇಮಲತಾ ಮುಖವನ್ನು ಒಲೆಯ ಕಡೆ ತಿರುಗಿಸಿಕೊಂಡಳು.

ಆಮೇಲೆ ಮೈಸೂರಿನ ಓಡಾಟ ಶುರುವಾಯಿತು. ಗಂಡ ಹೆಂಡತಿ ಇಬ್ಬರೂ ಮಗುವನ್ನು ಕರೆದುಕೊಂಡು ಬಟ್ಟೆ ತರುತ್ತೇವೆಂದು ಹೋದರು, ಬರಿಗೈಲಿ ಬಂದರು. ಮಗ ನಿಂಗರಾಜು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸದವನು, ಒಂದು ದಿನ ರಜೆ ಹಾಕಿದರೆ ಒಂದು ದಿನದ ಸಂಬಳ ಹೋಯಿತು. ಅಂಥವನು ಮತ್ತೊಂದು ವಾರವೂ ರಜೆ ಹಾಕಿ ಮೈಸೂರಿಗೆ ಹೋದಾಗ ರಾಚಮ್ಮ ಹುಲ್ಲಹಳ್ಳಿಯ ಬಸ್ ಸ್ಟ್ಯಾಂಡಿನ ತನಕ ತರಕಾರಿ ನೆಪದಲ್ಲಿ ಹಿಂದೆಯೇ ಹೋಗಿ, ಅವರು ಯಾವ ಬಸ್ಸು ಹತ್ತಿದರೆಂದು ನೋಡಿಕೊಂಡು ಬಂದಳು. ಸಂಜೆ ಮೂವರೂ ಮನೆಗೆ ಬಂದಾಗ ಸೊಸೆಯ ಕಣ್ಣು ಊದಿತ್ತು.

ರಾತ್ರಿ ಮುದ್ದೆಗೆ ಹುರುಳಿಕಾಳಿನ ಬಸ್ಸಾರು. ಗಂಡ ಚಿಕ್ಕಮಾದು ಗದ್ದೆಯಿಂದ ಬಂದು ಕೈಕಾಲು ತೊಳೆದು ಗೋಡೆಗೆ ಒರಗಿ ಕೂತಿದ್ದ. ರಾಚಮ್ಮ ಮಗನ ತಟ್ಟೆಗೆ ಮುದ್ದೆ ಇಟ್ಟಳೇ ಹೊರತು ಸಾರು ಬಿಡಲಿಲ್ಲ.

"ಮೈಸೂರ್ಗೆ ಯಾಕೋಗಿದ್ಲು ನಿನ್ನೆಂಡ್ರು?"

"ಸಾರು ಬುಡವ್ವ ಮೊದ್ಲು."

"ಬುಡ್ತೀನಿ. ನೀ ಮೊದ್ಲು ಯೋಳು."

ನಿಂಗರಾಜು ಹೆಂಡತಿಯ ಕಡೆ ನೋಡಿದ. ಕಷ್ಟದ ಮಾತು ಬಂದಾಗ ಬೇರೆಯವರ ಕಡೆ ನೋಡುವುದು ಅವನಿಗೆ ಅಪ್ಪನಿಂದ ಬಂದ ವಿದ್ಯೆ. ಹೇಮಲತಾ ಮಗುವನ್ನು ಒಳಗೆ ಮಲಗಿಸಿ ಬಂದು ಬಾಗಿಲು ಎಳೆದುಕೊಂಡಳು.

"ಲಿಖಿತಾಗೆ ಎದೇಲಿ ತೂತದಂತೆ ಅತ್ತೆ. ಸ್ಕೂಲ್ಗೆ ಡಾಕ್ಟ್ರು ಬಂದಿದ್ರಲ್ಲ, ಅವ್ರು ಕೊಳವೆ ಇಟ್ಟು ಕೇಳಿ ಮೈಸೂರ್ಗೆ ಬರ್ಕೊಟ್ರು. ಅಲ್ಲಿ ಸ್ಕ್ಯಾನ್ ಮಾಡಿ ನೋಡುದ್ರು. ಗುಂಡಿಗೇಲಿ ಮೇಲೆರಡು ಕೋಣೆ, ಕೆಳಗೆರಡು ಕೋಣೆ ಇರ್ತದಂತೆ. ಮೇಲಿನ ಎರಡ್ರ ಮಧ್ಯದ ಗೋಡೆ ಇವಳಿಗೆ ಪೂರ್ತಿ ಬೆಳ್ದಿಲ್ಲ."

"ಇಷ್ಟು ವರ್ಸ ಆಡ್ಕಂಡಿದ್ದ ಮಗೀಗೆ ಈಗೆಲ್ಲಿಂದ ಬಂತು ತೂತು?"

"ಹುಟ್ಟಿದಾಗಿಂದ್ಲೂ ಇತ್ತಂತೆ. ನಮಗೆ ಗೊತ್ತಾಗಿರಲಿಲ್ಲ ಅಷ್ಟೆ."

ಆ ಮಾತನ್ನು ರಾಚಮ್ಮ ಅಲ್ಲೇ ಹಿಡಿದುಕೊಂಡಳು.

"ಉಟ್ಟಿದ್ದು ನರಸೀಪುರ್ದಲ್ಲಿ ಅಲ್ವಾ?" ಎಂದಳು. "ಮೂರ್ತಿಂಗ್ಳ ಗಂಟ ಮಗೀಗೆ ನೀರುಯ್ದೋರು ಯಾರು? ನಿಮ್ಮವ್ವ ತಾನೆ?"

ರಾಚಮ್ಮನ ಈ ಮಾತಿಗೆ ಒಂದು ಹಿನ್ನೆಲೆಯಿದೆ. ಹುಲ್ಲಹಳ್ಳಿಯ ಆ ಬೀದಿಯಲ್ಲಿ, ಅಕ್ಕಪಕ್ಕದ ಬೀದಿಗಳಲ್ಲಿ, ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ರಾಚಮ್ಮನೇ ಆಗಬೇಕು. ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ, ಎರಡೂ ಕಾಲು ನೀಡಿಕೊಂಡು, ಆ ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡರೆ ಎಂಥ ಚಂಡಿ ಕೂಸೂ ಎರಡು ಚೊಂಬು ನೀರಿಗೆ ಸುಮ್ಮನಾಗುತ್ತಿತ್ತು. ಎಣ್ಣೆ ಎಲ್ಲಿ ತಿಕ್ಕಬೇಕು, ಎಲ್ಲಿ ಬರೀ ಸವರಬೇಕು, ಎದೆಯ ಮೂಳೆ ಇನ್ನೂ ಬಲಿಯದ ಕಡೆ ಹೆಬ್ಬೆರಳನ್ನು ಹೇಗೆ ಎತ್ತಿ ಹಿಡಿಯಬೇಕು ಎಂಬುದೆಲ್ಲ ಅವಳ ಕೈಗೆ ಗೊತ್ತು. ಎಂಬಿಎ ಓದಿದ ಸೊಸೆಯರೂ ಅವಳ ಮುಂದೆ ಕೂಸನ್ನು ಹಿಡಿದುಕೊಂಡು ಕಾಯುತ್ತಿದ್ದರು. ಆದರೆ ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬ ಪದ್ಧತಿ ಇದೆಯಲ್ಲ, ಅದರಿಂದ ಊರ ಕೂಸುಗಳಿಗೆಲ್ಲ ಎರೆದ ರಾಚಮ್ಮನಿಗೆ ತನ್ನ ಸ್ವಂತ ಮೊಮ್ಮಗಳಿಗೆ ಎರೆಯುವ ಭಾಗ್ಯ ಮೊದಲ ಮೂರು ತಿಂಗಳು ಸಿಗಲಿಲ್ಲ. ಅದನ್ನು ಅವಳು ಇನ್ನೂ ಮರೆತಿರಲಿಲ್ಲ.

"ನೀರುಯ್ದ್ರೆ ಗುಂಡಿಗೇಲಿ ತೂತು ಬೀಳ್ತದಾ ಅತ್ತೆ?" ಎಂದಳು ಹೇಮಲತಾ.

"ಎಬ್ಬೆಟ್ಟು ಎಲ್ಲಿ ಊರ್ಬೇಕು, ಎಲ್ಲಿ ಊರ್ಬಾರ್ದು ಅಂತ ಗೊತ್ತಿಲ್ದೋರು ಉಯ್ದ್ರೆ ಬೀಳ್ತದೆ. ಎಳೇ ಮಗೀನ ಎದೆ ಅಂದ್ರೆ ಏನಂದ್ಕಂಡಿದ್ದೀಯ? ಬೆಣ್ಣೆ ಅದು."

"ಡಾಕ್ಟ್ರು ಹಂಗೇನೂ ಹೇಳ್ಲಿಲ್ಲ."

"ನೀನು ಕೇಳ್ದಾ? ಕೇಳಿರಾಕಿಲ್ಲ. ಕೇಳುದ್ರೆ ನಿಮ್ಮವ್ವನ ಬುಡಕ್ಕೆ ಬತ್ತದೆ ಅಂತ ನಿಂಗೊತ್ತು. ಅದ್ಕೇ ತಾನೆ ಬಟ್ಟೆ ತರಕ್ಕೆ ಓಯ್ತೀವಿ ಅಂತ ಸುಳ್ಳೇಳಿದ್ದು?"

ಹೇಮಲತಾ ಗಂಡನ ಕಡೆ ತಿರುಗಿದಳು. ಅವನು ಸಾರಿಲ್ಲದ ಮುದ್ದೆಯನ್ನು ಮುರಿಯುತ್ತ ಕೂತಿದ್ದ. ಚಿಕ್ಕಮಾದು ತಾನೇ ಸೌಟು ಎತ್ತಿಕೊಂಡು ಮಗನ ತಟ್ಟೆಗೆ ಸಾರು ಬಿಟ್ಟು, ತನ್ನ ಊಟ ಮುಗಿಸಿ ಎದ್ದುಹೋದ.

ಅಂದಿನಿಂದ ಆ ಮನೆಯಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿರುಗಿಸಿ ನೋಡುವುದೇ ಕೆಲಸವಾಯಿತು. ಹೇಮಲತಾ ಫೋನು ಹಿಡಿದುಕೊಂಡು ಕೊಟ್ಟಿಗೆಗೆ ಹೋದರೆ ರಾಚಮ್ಮ ಸಗಣಿ ಬಾಚುವ ನೆಪದಲ್ಲಿ ಅಲ್ಲಿಗೆ ಬರುತ್ತಿದ್ದಳು. ಮಗುವನ್ನು ಸ್ನಾನಕ್ಕೆ ಕರೆದುಕೊಂಡು ಹೋದಾಗ ಹೇಮಲತಾ ಬಚ್ಚಲಿನ ಚಿಲಕ ಹಾಕಿಕೊಳ್ಳಲು ಶುರುಮಾಡಿದಳು. ಆ ಚಿಲಕದ ಸದ್ದು ರಾಚಮ್ಮನ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಗುತ್ತಿತ್ತು. ಊರಿಗೆಲ್ಲ ಬೇಕಾದ ಕೈ ಈ ಮನೆಯಲ್ಲಿ ಯಾರಿಗೂ ಬೇಡವಾಯಿತೆಂದು ಅವಳು ಒಬ್ಬಳೇ ಗೊಣಗಿಕೊಳ್ಳುತ್ತಿದ್ದಳು.

ಮಗುವಿನ ಮೇಲೂ ಕಣ್ಣಿಟ್ಟಳು. ಲಿಖಿತಾ ಎದುರುಮನೆಯ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುವಾಗ ನಾಲ್ಕು ಮನೆ ಕುಂಟಿ, ಜಗಲಿಯ ಮೇಲೆ ಕೂತುಬಿಡುತ್ತಿದ್ದಳು. ಇಷ್ಟು ದಿನ ಅದನ್ನು ಸೋಮಾರಿತನ ಎಂದುಕೊಂಡಿದ್ದ ರಾಚಮ್ಮ ಈಗ ಹತ್ತಿರ ಕರೆದು, ಯಾರೂ ಇಲ್ಲದಾಗ, ಅಂಗಿಯ ಮೇಲಿನಿಂದಲೇ ಅಂಗೈಯನ್ನು ಎದೆಗೆ ಇಟ್ಟು ನೋಡಿದಳು. ಒಳಗೆ ಏನೋ ಅವಸರದಲ್ಲಿ ಓಡುತ್ತಿತ್ತು.

"ಅಜ್ಜಿ, ಏನ್ ನೋಡ್ತಿದ್ದೀಯ?"

"ಏನಿಲ್ಲ ಕಣವ್ವ. ಬೆವರಿದ್ದೀಯಾ ಅಂತ."

"ಎದೇಲಿ ತೂತದೆಯಾ ಅಂತ ತಾನೆ? ಅಮ್ಮ ಅಂದ್ಲು, ಅದ್ಕೆ ಕೊಡೆ ತರ ಒಂದು ಹಾಕ್ತಾರಂತೆ. ತೊಡೇಲಿ ನರದೊಳಗಿಂದ ಕಳಿಸ್ತಾರಂತೆ. ಕುಯ್ಯಲ್ವಂತೆ."

ರಾಚಮ್ಮನಿಗೆ ಇದೂ ಅನುಮಾನದ ಮಾತೇ ಆಯಿತು. ಎದೆಯಲ್ಲಿ ತೂತಿದ್ದರೆ ತೊಡೆಗೆ ಯಾಕೆ ಕೈ ಹಾಕುತ್ತಾರೆ? ಅದೂ ರೇಷನ್ ಕಾರ್ಡಿದ್ದವರಿಗೆ ಪುಗಸಟ್ಟೆಯಂತೆ. ಸರ್ಕಾರದವರು ಯಾವ ಲಾಭವೂ ಇಲ್ಲದೆ ಮನೆಬಾಗಿಲಿಗೆ ತಂದು ಕೊಟ್ಟದ್ದು ಅವಳು ಕಂಡಂತೆ ಪೋಲಿಯೊ ಹನಿ ಒಂದೇ, ಅದನ್ನೂ ಅವಳು ಎರಡು ವರ್ಷ ನಂಬಿರಲಿಲ್ಲ.

ಆಸ್ಪತ್ರೆಯವರು ತಾರೀಕು ಕೊಟ್ಟಾಗ ರಾಚಮ್ಮ ಮಗನನ್ನು ಕೂರಿಸಿಕೊಂಡು ಹೇಳಿಬಿಟ್ಟಳು. "ಬೀಗ್ತಿ ಬಂದು ಈ ನಡುಮನೇಲಿ ಕೂತ್ಕಂಡು, ನನ್ನ ಕೈಯಿಂದ ಆಯ್ತು ಅಂತ ಒಂದ್ಮಾತು ಅನ್ಲಿ. ಆಮೇಲೆ ಕರ್ಕಂಡೋಗು. ತಪ್ಪು ಯಾರ್ದು ಅಂತ ಗೊತ್ತಾಗ್ದೆ ನನ್ ಮೊಮ್ಮಗಳ ಎದೆಗೆ ಕೊಡೆ ಗಿಡೆ ಹಾಕ್ಸಕ್ಕೆ ನಾ ಒಪ್ಪಾಕಿಲ್ಲ."

ನಿಂಗರಾಜು ಅವ್ವನ ಮಾತನ್ನು ಹೆಂಡತಿಗೆ ತಲುಪಿಸಿದ, ಹೆಂಡತಿಯ ಮಾತನ್ನು ಅವ್ವನಿಗೆ ತಲುಪಿಸಿದ. ತನ್ನದೊಂದು ಮಾತನ್ನು ಇಬ್ಬರಿಗೂ ಹೇಳಲಿಲ್ಲ. "ನಿಮ್ಮವ್ವ ಸುಮ್ನೆ ಬಂದು ಊ ಅಂದ್ಬುಡ್ಲಿ ಕಣೆ, ಅಲ್ಲಿಗೆ ಮುಗಿತದೆ" ಎಂದಾಗ ಹೇಮಲತಾ ಸೊಪ್ಪು ಬಿಡಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ಮಾಡ್ದೆ ಇರೋದನ್ನ ನಮ್ಮವ್ವ ಯಾಕೆ ಒಪ್ಕೋಬೇಕು? ಇವತ್ತು ಊ ಅಂದ್ರೆ ನಾಳೆ ಇಡೀ ಊರು ಅವಳ ಕೈ ತೋರ್ಸಿ ಮಾತಾಡ್ತದೆ. ಅವಳು ಅಂಗನವಾಡೀಲಿ ಮಕ್ಕಳನ್ನ ನೋಡ್ಕೊಳೋಳು. ಆಮೇಲೆ ಯಾರು ಅವಳ ಹತ್ರ ಮಕ್ಕಳ್ನ ಬಿಡ್ತಾರೆ?"

ಹೀಗೆ ಎಳೆದಾಡುತ್ತಿರುವಾಗ ತಾರೀಕು ದಾಟಿಹೋಯಿತು. ಹೇಮಲತಾ ಆ ದಿನವಿಡೀ ಯಾರೊಡನೆಯೂ ಮಾತಾಡದೆ ಅಡುಗೆ ಮಾಡಿ, ಬಡಿಸಿ, ತಾನು ಊಟ ಬಿಟ್ಟಳು. ಮಾರನೆಯ ದಿನ ಆಸ್ಪತ್ರೆಗೆ ಫೋನು ಮಾಡಿ ಬೇರೆ ತಾರೀಕು ಕೇಳಿಕೊಂಡಳು. ಆ ಕಡೆಯಿಂದ ಹೇಳಿದ್ದನ್ನು ರಾಚಮ್ಮನಿಗೂ ಕೇಳಿಸುವಂತೆ ಜೋರಾಗಿಯೇ ಹೇಳಿದಳು. "ತಡ ಮಾಡ್ತಾ ಹೋದ್ರೆ ಬಲಗಡೆ ಗುಂಡಿಗೆ ಊದ್ಕತದಂತೆ, ಶ್ವಾಸಕೋಶ ಕೆಡ್ತದಂತೆ. ಅಲ್ಲಿಗೆ ಮುಟ್ಟಿದ್ಮೇಲೆ ಮುಚ್ಚಕ್ಕೂ ಆಗಲ್ವಂತೆ. ಮಗು ಏದುಸಿರು ಬಿಡ್ಕೊಂಡೇ ದೊಡ್ಡವಳಾಗ್ಬೇಕಂತೆ. ದೊಡ್ಡವಳಾದ್ರೆ."

ಆ ಕೊನೆಯ ಮಾತು ರಾಚಮ್ಮನಿಗೂ ನಾಟಿತು. ಆದರೆ ನಾಟಿದ್ದಕ್ಕೇ ಹಟ ಇನ್ನೂ ಗಟ್ಟಿಯಾಯಿತು. ಬೀಗಿತ್ತಿ ತಾನಾಗಿ ಬರದಿದ್ದರೆ ತಾನೇ ಹೋಗುವುದೆಂದು ತೀರ್ಮಾನಿಸಿ, ಗಂಡನಿಗೆ ಕವಲಂದೆಯ ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ನಂಜನಗೂಡಿನಲ್ಲಿ ಬಸ್ಸು ಬದಲಿಸಿ ತಿ. ನರಸೀಪುರದಲ್ಲಿ ಇಳಿದಳು.

ಹೇಮಲತಾಳ ತಾಯಿ ಸಾಕಮ್ಮ ಆಗತಾನೆ ಅಂಗನವಾಡಿಯಿಂದ ಬಂದು ಯೂನಿಫಾರಂ ಸೀರೆಯಲ್ಲೇ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೀಗಿತ್ತಿಯನ್ನು ಕಂಡು ಗಾಬರಿಯಾಗಿ ಎದ್ದಳು.

"ಬನ್ನಿ ಅಕ್ಕ. ಮಗು ಚೆನ್ನಾಗವ್ಳಾ?"

"ಅದ್ನೇ ಕೇಳಕ್ಬಂದೆ."

ಸಾಕಮ್ಮ ಕಾಫಿ ಮಾಡಿ ತಂದಿಟ್ಟಳು. ರಾಚಮ್ಮ ಲೋಟದ ಕಡೆ ನೋಡಲೂ ಇಲ್ಲ. ಗೋಡೆಯ ಮೇಲಿನ ಫೋಟೋಗಳನ್ನು, ಮೂಲೆಯ ಫ್ರಿಡ್ಜನ್ನು ಒಂದೊಂದಾಗಿ ನೋಡಿ ಮುಗಿಸಿದ ಮೇಲೆ ಬಂದ ವಿಷಯಕ್ಕೆ ಬಂದಳು.

"ಲಿಖಿತಾಗೆ ನೀರುಯ್ಯೋವಾಗ ಎದೆಗೆ ಎಂಗೆ ಎಣ್ಣೆ ತಿಕ್ತಿದ್ರಿ? ತೋರ್ಸಿ."

"ಏನಕ್ಕ ಇದು?"

"ತೋರ್ಸಿ ಅಂದೆ. ಎಬ್ಬೆಟ್ಟು ಎಲ್ಲಿಕ್ತಿದ್ರಿ?"

ಸಾಕಮ್ಮ ಅವರೆಕಾಯಿಯ ಪುಟ್ಟಿಯನ್ನು ಸರಿಸಿದಳು. ಮಗಳು ಫೋನಿನಲ್ಲಿ ಹೇಳಿ ಅತ್ತಿದ್ದೆಲ್ಲ ಇಷ್ಟು ದಿನ ಒಳಗೇ ಕೂತಿತ್ತು.

"ಈ ಕೈಲೇ ಹೇಮಂಗೆ ನೀರುಯ್ದೆ, ಅವಳ ತಮ್ಮಂಗೂ ಉಯ್ದೆ. ಇಬ್ರೂ ಗಟ್ಟಿಮುಟ್ಟಾಗವ್ರೆ. ನನ್ನ ಬೀದಿಲಿ ಎಷ್ಟು ಮಕ್ಕಳಿಗೆ ಉಯ್ದಿದ್ದೀನೋ ನಂಗೇ ಗೊತ್ತಿಲ್ಲ."

"ಅವ್ರೆಲ್ಲ ಗಟ್ಟಿ, ನನ್ ಮೊಮ್ಮಗಳಿಗೆ ಮಾತ್ರ ತೂತಾ?"

"ಅಕ್ಕ, ನಾನೂ ಒಂದು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ. ಸಂಬಂಧ ಬೆಳ್ಸೋವಾಗ ನಾವೂ ನಾಕು ಜನಾನ ಇಚಾರ್ಸಿದ್ವಿ. ನಿಮ್ಗೂ ಒಂದು ಚೊಚ್ಚಲ ಗಂಡು ಆಗಿ ಓಗ್ಬುಡ್ತಲ್ಲ. ಅದ್ಕೂ ನಾನೇ ನೀರುಯ್ದಿದ್ನಾ?"

ರಾಚಮ್ಮ ಎದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಚಪ್ಪಲಿ ಮೆಟ್ಟಿದಳು. ಸಾಕಮ್ಮ ಆಡಿದ ಮಾತಿಗೆ ತಾನೇ ಹೆದರಿ "ಅಕ್ಕ, ಕಾಫಿ ಕುಡೀರಿ ಅಕ್ಕ" ಎಂದು ಹಿಂದೆ ಬಂದಳು. ರಾಚಮ್ಮ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಆ ಚೊಚ್ಚಲ ಕೂಸಿನ ಹೆಸರು ಮಾದೇಶ. ಐದನೇ ತಿಂಗಳಿನಲ್ಲಿ ಹೋದ. ರಾಚಮ್ಮನಿಗೆ ಆಗ ಇನ್ನೂ ಇಪ್ಪತ್ತಾಗಿರಲಿಲ್ಲ. ತವರಿನಿಂದ ಕೂಸನ್ನು ಎತ್ತಿಕೊಂಡು ಬಂದ ಮೇಲೆ ತಾನೇ ನೀರೆರೆಯುತ್ತಿದ್ದಳು. ಒಂದು ಬೆಳಿಗ್ಗೆ ಎರೆದು, ಒರೆಸಿ, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದ್ದ ಕೂಸು ಮತ್ತೆ ಏಳಲಿಲ್ಲ. ಅವಳ ಅತ್ತೆ ಬೀದಿಯ ಹೆಂಗಸರೆಲ್ಲ ನೆರೆದಿದ್ದಾಗ ಜಗಲಿಯ ಮೇಲೆ ನಿಂತು ಅಂದಿದ್ದಳು: ನೀರುಯ್ಯಕ್ಕೆ ಬರ್ದೆ ಕೂಸ್ನ ಕೊಂದಾಕುದ್ಲು. ಚಿಕ್ಕಮಾದು ಹೆಗಲಿನ ಟವಲ್ಲನ್ನು ಕೈಗೆ ತೆಗೆದುಕೊಂಡು ಅಲ್ಲೇ ನಿಂತಿದ್ದ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಅದಾದ ಮೇಲೆ ರಾಚಮ್ಮ ಕವಲಂದೆಗೆ ಹೋಗಿ, ಅಲ್ಲಿನ ಮುದುಕಿಯೊಬ್ಬಳ ಹಿಂದೆ ಮನೆಮನೆ ತಿರುಗಿ ಎರೆಯುವುದನ್ನು ಕಲಿತಳು. ನಿಂಗರಾಜು ಹುಟ್ಟಿದಾಗ ಅವನನ್ನು ಯಾರ ಕೈಗೂ ಕೊಡದೆ ಎರೆದಳು. ಅವನು ಬದುಕಿದ. ಊರು ಅವಳನ್ನು ಕರೆಯತೊಡಗಿತು. ಎಷ್ಟು ಕೂಸುಗಳಿಗೆ ಎರೆದರೂ ಅತ್ತೆಯ ಆ ಮಾತು ಮೈಮೇಲಿಂದ ಹೋಗಲಿಲ್ಲ. ಅತ್ತೆ ಹೇಳಿದ್ದು ನಿಜವೆಂದೇ ಅವಳು ನಂಬಿದ್ದಳು. ಬಾರದ ಕೈ ಕೂಸನ್ನು ಕೊಲ್ಲುತ್ತದೆ ಎಂಬುದಕ್ಕೆ ತಾನೇ ಸಾಕ್ಷಿ ಎಂದುಕೊಂಡವಳು ಸಾಕಮ್ಮನ ಕೈಯನ್ನು ಬಿಟ್ಟಾಳೆಯೇ?

ಮನೆಗೆ ಬಂದಾಗ ಚಿಕ್ಕಮಾದು ಹಾಲು ಕರೆಯುತ್ತಿದ್ದ.

"ಮಾದೇಶನ ಇಚಾರ ಬೀಗ್ರಿಗೆ ಯೋಳ್ದೋರು ಯಾರು?"

"ಊರೋರು ಯಾರಾರ ಯೋಳಿರ್ತಾರೆ."

"ಅವತ್ತಿನೋರು ಊರಲ್ಲಿ ಯಾರವ್ರೆ ಈಗ? ನೀನೊಬ್ಬ."

ಚಿಕ್ಕಮಾದು ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. "ಮೊದ್ಲೊಂದು ಮಗ ಆಗಿತ್ತಂತಲ್ಲ ಅಂತ ಕೇಳುದ್ರು. ಓಗ್ಬುಡ್ತು ಅಂದೆ. ಬ್ಯಾರೇನೂ ಅನ್ನಿಲ್ಲ."

"ನೀನು ಬ್ಯಾರೆ ಏನಾರ ಯಾವತ್ತು ಅಂದಿದ್ದೀಯ" ಎಂದು ರಾಚಮ್ಮ ಒಳಗೆ ಹೋದಳು.

ಒಳಗೆ ಹೇಮಲತಾ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ನರಸೀಪುರದಿಂದ ಅಷ್ಟರಲ್ಲಾಗಲೇ ಫೋನು ಬಂದಿತ್ತು. ನಿಂಗರಾಜು ಡ್ಯೂಟಿ ಮುಗಿಸಿ ಬಂದು ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ.

"ಎಲ್ರೂ ಇದ್ದೀರಲ್ಲ, ಒಂದೇ ಸಲ ಹೇಳ್ಬಿಡ್ತೀನಿ" ಎಂದಳು ಹೇಮಲತಾ. "ಹೊಸ ತಾರೀಕು ಬಂದದೆ. ಮಗೂನ ನಾನು ಕರ್ಕೊಂಡೋಗ್ತೀನಿ, ಯಾರು ಬಂದ್ರೂ ಸರಿ, ಬರದಿದ್ರೂ ಸರಿ. ಅದು ಮುಗುದ್ಮೇಲೆ ನಾನು ಮಗು ನಮ್ಮವ್ವನ ಮನೆಗೆ ಹೋಗ್ತೀವಿ. ನಮ್ಮವ್ವನ ಕೈಯಿಂದ ಆಗಿದ್ದಲ್ಲ ಅಂತ ನನ್ನ ಗಂಡ ಅನ್ನಿಸ್ಕೊಂಡ ಇವರು ಬಾಯಿಬಿಟ್ಟು ಒಂದು ಮಾತು ಹೇಳೋ ತನಕ ನಾನು ಈ ಹೊಸ್ತಿಲು ತುಳಿಯಲ್ಲ."

"ನಂಗೇನ್ ಗೊತ್ತು ಕಣೆ, ಏನಾಯ್ತು ಅಂತ. ಏನಂತ ಯೋಳ್ಲಿ?" ಎಂದ ನಿಂಗರಾಜು.

"ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತಾದ್ರೂ ನಿಮ್ಮವ್ವಂಗೆ ಹೇಳಿ. ಅದನ್ನೂ ಹೇಳ್ಲಿಲ್ಲ ನೀವು."

ರಾಚಮ್ಮನಿಗೆ ಸೊಸೆಯ ಬ್ಯಾಗು ಕಂಡು ಹೊಸ ಅನುಮಾನ ಹುಟ್ಟಿತು. ಆಸ್ಪತ್ರೆಯ ನೆಪದಲ್ಲಿ ಮೊಮ್ಮಗಳನ್ನು ಹಾರಿಸಿಕೊಂಡು ಹೋದರೆ? "ನಾನೂ ಬತ್ತೀನಿ" ಎಂದಳು. "ಅಲ್ಲೇನ್ ಮಾಡ್ತಾರೆ ಅಂತ ನನ್ ಕಣ್ಣಾರೆ ನೋಡ್ಬೇಕು."

ಹಾಗಾಗಿ ಮೈಸೂರಿನ ಆಸ್ಪತ್ರೆಗೆ ಒಬ್ಬರನ್ನೊಬ್ಬರು ನಂಬದ ಒಂದು ದಂಡೇ ಹೋಯಿತು. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಚಿಕ್ಕಮಾದುವೂ ಬಂದ. ಉಳಿದವರು ಬಸ್ಸಿನಲ್ಲಿ ಬಂದರೆ ನಿಂಗರಾಜು ಬೈಕಿನಲ್ಲಿ ಬಂದ. ಸಾಕಮ್ಮ ನರಸೀಪುರದಿಂದ ನೇರ ಬಂದು ಗೇಟಿನ ಹತ್ತಿರ ಕಾಯುತ್ತಿದ್ದಳು. ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಾಕಮ್ಮ ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಲಿಖಿತಾ ತೆರೆದು ಎಲ್ಲರಿಗೂ ಕೊಡಲು ಬಂದಾಗ ರಾಚಮ್ಮ ಹೊಟ್ಟೆ ತುಂಬಿದೆ ಎಂದಳು. ಬೆಳಿಗ್ಗೆಯಿಂದ ಅವಳು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಡಾಕ್ಟರು ಒಬ್ಬ ಹೆಂಗಸು. ರಾಚಮ್ಮನ ಕಣ್ಣಿಗೆ ತೀರಾ ಚಿಕ್ಕವಳಾಗಿ ಕಂಡಳು. ಅಪ್ಪ ಅಮ್ಮ ಮಾತ್ರ ಬನ್ನಿ ಎಂದರೂ ರಾಚಮ್ಮ ನುಗ್ಗಿದಳು, ಅವಳು ನುಗ್ಗಿದ್ದು ಕಂಡು ಸಾಕಮ್ಮನೂ ನುಗ್ಗಿದಳು. ಚಿಕ್ಕಮಾದು ಮೊಮ್ಮಗಳ ಜೊತೆ ಹೊರಗಿನ ಬೆಂಚಿನಲ್ಲೇ ಕೂತ.

ಡಾಕ್ಟರು ಮಾರನೆಯ ದಿನ ಏನೇನು ಮಾಡುತ್ತೇವೆಂದು ಹೇಳಿ, ಆಮೇಲೆ ಕೇಳಿದರು. "ನಿಮ್ಮ ಎರಡೂ ಮನೆಗಳಲ್ಲಿ ಬೇರೆ ಯಾರಿಗಾದರೂ ಹುಟ್ಟಿನಿಂದ ಹೃದಯದ ತೊಂದರೆ ಇತ್ತಾ? ಕೂಸಾಗಿದ್ದಾಗಲೇ ತೀರಿಕೊಂಡವರು ಯಾರಾದರೂ?"

"ಇಲ್ಲ ಮೇಡಂ" ಎಂದ ನಿಂಗರಾಜು. ತನಗಿಂತ ಮೊದಲು ಒಂದು ಮಗು ಹೋಗಿತ್ತೆಂದು ಅವನಿಗೆ ಗೊತ್ತು. ಆದರೆ ಅವ್ವನ ಎದುರಿಗೆ ಆ ಮಾತು ಎತ್ತುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ.

ರಾಚಮ್ಮ ಸಾಕಮ್ಮನನ್ನು ನೋಡಿದಳು. ಈಗ ಹೇಳುತ್ತಾಳೆ, ಡಾಕ್ಟರ ಮುಂದೆಯೇ ನನ್ನ ಮಾನ ಕಳೆಯುತ್ತಾಳೆ ಎಂದು ಕಾದಳು. ಸಾಕಮ್ಮ ಸೀರೆಯ ನೆರಿಗೆ ನೋಡುತ್ತ ಸುಮ್ಮನೆ ನಿಂತಿದ್ದಳು. ಆ ಮೌನಕ್ಕೂ ಏನೋ ಲೆಕ್ಕಾಚಾರ ಇರಬೇಕು ಎನ್ನಿಸಿತು ರಾಚಮ್ಮನಿಗೆ.

"ಯೋಚನೆ ಮಾಡಿ ಹೇಳಿ" ಎಂದರು ಡಾಕ್ಟರು. "ಆಗಿನ ಕಾಲದಲ್ಲಿ ಹೃದಯದ ಕಾಯಿಲೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಮಗು ಎರಡು ಗುಟುಕು ಹಾಲು ಕುಡಿದು ಮೊಲೆ ಬಿಟ್ಟುಬಿಡೋದು, ಏದುಸಿರು ಬಿಡೋದು, ಮತ್ತೆ ಕುಡಿಯೋದು. ಕುಡಿಯುವಾಗ ಹಣೆ, ನೆತ್ತಿ ಎಲ್ಲ ಬೆವರೋದು. ಎಷ್ಟು ಕುಡಿದರೂ ಮೈ ಹತ್ತದೆ ಇರೋದು. ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗೋದು. ಅಂಥ ಕೂಸು ಯಾವುದಾದರೂ ಇತ್ತಾ ಅಂತ."

ರಾಚಮ್ಮನ ಕೈ ತನಗೇ ಗೊತ್ತಿಲ್ಲದೆ ಸೆರಗಿನ ತುದಿ ಹಿಡಿದುಕೊಂಡಿತು. ಆ ಬೆವರನ್ನು ಅವಳು ಒರೆಸಿದ್ದಳು, ದಿನಾ, ಪ್ರತಿ ಸಲ ಹಾಲು ಕೊಡುವಾಗಲೂ. ಬೇಸಿಗೆ ಎಂದುಕೊಂಡಿದ್ದಳು. ಆ ವರ್ಷ ಮಳೆಗಾಲದಲ್ಲೂ ಒರೆಸಿದ್ದಳು.

ಈಗ ಬಾಯಿ ಬಿಟ್ಟರೆ ಏನಾಗುತ್ತದೆಂದು ತಿಳಿಯದಷ್ಟು ದಡ್ಡಿ ಅವಳಲ್ಲ. ಕಾಯಿಲೆ ತನ್ನ ಕಡೆಯದು ಎಂದಾಗುತ್ತದೆ. ಸೊಸೆ ಗೆಲ್ಲುತ್ತಾಳೆ, ಸಾಕಮ್ಮ ಗೆಲ್ಲುತ್ತಾಳೆ. ಇಷ್ಟು ದಿನ ಮನೆಯಲ್ಲಿ ಕೂಗಾಡಿದ್ದೆಲ್ಲ ತನ್ನ ಮುಖಕ್ಕೇ ಬರುತ್ತದೆ. ಬಾಯಿ ಬಿಡದಿದ್ದರೆ, ಅತ್ತೆಯ ಮಾತು ತನ್ನ ಜೊತೆಯೇ ಮಣ್ಣಿಗೆ ಹೋಗುತ್ತದೆ.

"ನಂದು ಮಾಡ್ತಿತ್ತು" ಎಂದಳು.

ನಿಂಗರಾಜು ತಿರುಗಿದ. ಸಾಕಮ್ಮ ತಲೆ ಎತ್ತಿದಳು.

"ಯಾವುದಮ್ಮಾ?"

"ನನ್ ಚೊಚ್ಚಲು. ಮಾದೇಶ ಅಂತ. ನೀವೇಳುದ್ರಲ್ಲ, ಅಂಗೇ. ಬೆವರದು, ಮೊಲೆ ಬುಡದು. ಪಕ್ಕೆ ಒಳಕ್ಕೋಗದು. ಐದ್ತಿಂಗ್ಳಿಗೆ ಓದ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡದೆ ಇರೋ ಮಗುವಿನ ಬಗ್ಗೆ ಖಚಿತವಾಗಿ ಹೇಳೋಕಾಗಲ್ಲಮ್ಮ. ಆದರೆ ನೀವು ಹೇಳ್ತಿರೋದು ಹೃದಯದ ತೊಂದರೆ ಥರವೇ ಇದೆ. ನಿಮ್ಮ ಮೊಮ್ಮಗಳದಕ್ಕಿಂತ ದೊಡ್ಡದು ಇದ್ದಿರಬಹುದು. ಒಂದೇ ಮನೆಯಲ್ಲಿ ಒಬ್ಬರಿಗೊಂದು ಥರ, ಇನ್ನೊಬ್ಬರಿಗಿನ್ನೊಂದು ಥರ ಬರೋದುಂಟು. ನಿಂಗರಾಜು, ನೀವೂ ಒಂದು ಸ್ಕ್ಯಾನ್ ಮಾಡಿಸಿಕೊಳ್ಳಿ."

"ಡಾಕ್ಟ್ರಮ್ಮ" ಎಂದಳು ರಾಚಮ್ಮ. "ನೀರುಯ್ಯೋವಾಗ ಎಬ್ಬೆಟ್ಟು ತಪ್ಪಿ, ಎದೆ ಮೇಲೆ ಬಿದ್ದು, ಅಂಗೇನಾರ ಆಗಿರಾಕಿಲ್ವಾ?"

"ಇಲ್ಲಮ್ಮ. ಆ ಗೋಡೆ ಬೆಳೆಯೋದು ಬಸುರಿನ ಎರಡನೇ ತಿಂಗಳಲ್ಲಿ. ಆಗ ಎಷ್ಟೋ ತಾಯಂದಿರಿಗೆ ತಾನು ಬಸುರಿ ಅಂತಾನೇ ಗೊತ್ತಿರಲ್ಲ. ಹೊಟ್ಟೆಯಲ್ಲಿರುವಾಗ ಎಲ್ಲ ಕೂಸುಗಳಿಗೂ ಆ ಗೋಡೆಯಲ್ಲಿ ಒಂದು ಬಾಗಿಲು ಇದ್ದೇ ಇರುತ್ತೆ, ನನಗೂ ಇತ್ತು, ನಿಮಗೂ ಇತ್ತು. ಹುಟ್ಟಿ ಮೊದಲ ಸಲ ಅತ್ತು ಉಸಿರೆಳೆದ ಮೇಲೆ ಅದು ಮುಚ್ಚಿಕೊಳ್ಳುತ್ತೆ. ಲಿಖಿತಾಳಿಗೆ ಗೋಡೆಯೇ ಸಾಲದೆ ಬಂದಿದೆ, ಮುಚ್ಚೋಕೆ ಏನೂ ಇಲ್ಲ. ಹುಟ್ಟಿದ ಮೇಲೆ ಯಾರ ಕೈಯಿಂದಲೂ ಅಲ್ಲಿ ತೂತು ಬೀಳಲ್ಲ. ಎಣ್ಣೆ ಹಚ್ಚಿದ್ದರಿಂದಲೂ ಇಲ್ಲ, ನೀರು ಹಾಕಿದ್ದರಿಂದಲೂ ಇಲ್ಲ."

"ಯಾರ ಕೈಯಿಂದ್ಲೂ ಇಲ್ವಾ?"

"ಯಾರ ಕೈಯಿಂದಲೂ ಇಲ್ಲ."

ರಾಚಮ್ಮ ಬಾಗಿಲಿಗೆ ಹೋಗಿ ಪರದೆ ಸರಿಸಿದಳು. "ಇಲ್ಬಾ" ಎಂದು ಗಂಡನನ್ನು ಕರೆದಳು. ಚಿಕ್ಕಮಾದು ಮಗುವಿನ ಕೈ ಹಿಡಿದುಕೊಂಡು ಒಳಗೆ ಬಂದು, ಏನು ತಪ್ಪಾಯಿತೋ ಎಂಬಂತೆ ಎಲ್ಲರ ಮುಖ ನೋಡಿದ.

"ಡಾಕ್ಟ್ರಮ್ಮ, ಈಗೇಳುದ್ರಲ್ಲ, ಅದ ಇನ್ನೊಂದ್ಸಲ ಯೋಳಿ. ಇವ್ರು ಕೇಳುಸ್ಕಳ್ಲಿ. ಇವ್ರೇ ಮಾದೇಶನ ಅಪ್ಪ."

ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ಆದರೂ ಡಾಕ್ಟರು ಆ ಮುದುಕಿಯ ಮುಖ ನೋಡಿ, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಚಿಕ್ಕಮಾದು ನಿಂತೇ ಕೇಳಿದ.

"ನಂಗೂ ಅಂಗೇ ಅನ್ನುಸ್ತಿತ್ತು ಕಣೆ ರಾಚಿ" ಎಂದ. "ಅವತ್ತೇ ಅನ್ನುಸ್ತು. ನೀನು ಎಂಗೆ ನೋಡ್ಕತಿದ್ದೆ ಅಂತ ನಾ ನೋಡಿದ್ನಲ್ಲ. ಅವ್ವನ ಮುಂದೆ ಎಂಗೆ ಯೋಳದು ಅಂತ..."

ರಾಚಮ್ಮನ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಕಷ್ಟ ಹಗುರಾದದ್ದಕ್ಕೆ ಒಂದಿಷ್ಟು, ಈ ಮಾತು ಇಷ್ಟು ವರ್ಷ ಈ ಮನುಷ್ಯನ ಹೊಟ್ಟೆಯಲ್ಲೇ ಇತ್ತಲ್ಲ ಎಂಬ ಸಿಟ್ಟಿಗೆ ಇನ್ನಷ್ಟು. ಒಂದೇ ಒಂದು ಸಲ ಜಗಲಿಯ ಮೇಲೆ ಅವನು ಅಲ್ಲ ಎಂದಿದ್ದರೆ ತನ್ನ ಬದುಕೇ ಬೇರೆಯಾಗುತ್ತಿತ್ತು.

ಆಗ ಅವಳಿಗೆ ಮಗ ಕಂಡ. ಹೆಂಡತಿಯ ಪಕ್ಕದಲ್ಲಿ, ಹೆಲ್ಮೆಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ನಿಂತಿದ್ದ.

"ಬೀಗ್ತಿ" ಎಂದಳು ರಾಚಮ್ಮ. "ನಿಮ್ ಕೈಯೂ ಅಲ್ಲ, ನನ್ ಕೈಯೂ ಅಲ್ಲ. ನಾ ಅಂದಿದ್ದು ತಪ್ಪು."

ಸಾಕಮ್ಮ ಏನೋ ಹೇಳಲು ಹೋದಳು. ರಾಚಮ್ಮ ಅದನ್ನು ಕೇಳಿಸಿಕೊಳ್ಳದೆ ಮಗನ ಕಡೆ ತಿರುಗಿದಳು.

"ನಿಂಗೂ ಕೇಳುಸ್ತಲ್ಲ? ಮತ್ತೆ ಯೋಳು ಅವ್ಳಿಗೆ."

"ಏನವ್ವ?"

"ನಿಮ್ಮಪ್ಪ ಅವತ್ತು ಜಗಲೀಲಿ ಯೋಳ್ದೆ ಬುಟ್ನಲ್ಲ, ಅದ್ನ."

ನಿಂಗರಾಜು ಬಾಯಿ ತೆರೆದ. ರೂಢಿಯಂತೆ ಅವ್ವನ ಮುಖ ನೋಡಿದ.

"ನನ್ ಮಕ ನೋಡ್ಬ್ಯಾಡ" ಎಂದಳು ರಾಚಮ್ಮ. "ಅವಳ ಮಕ ನೋಡ್ಕಂಡು ಯೋಳು."